ಹಳೆಯ ವನ್ಯಜೀವಿ ಸಾಕ್ಷ್ಯಚಿತ್ರಗಳು ಇಂದಿಗೂ ನಮ್ಮನ್ನು ಏಕೆ ಹಿಡಿದಿಡುತ್ತವೆ? ಅವುಗಳಲ್ಲಿ ನಿಜವೆಷ್ಟು?

ಲೆಮ್ಮಿಂಗ್ ಎಂಬ ಇಲಿಯಂಥ ಪುಟ್ಟ ಪ್ರಾಣಿಗಳು ಗುಂಪುಗುಂಪಾಗಿ ಓಡಿ ಬಂದು, ಬಂಡೆಯ ಅಂಚಿನಿಂದ ಸಮುದ್ರಕ್ಕೆ ಹಾರಿ ಸಾಯುತ್ತವೆ ಎಂಬ ಮಾತನ್ನು ನೀವು ಎಲ್ಲಾದರೂ ಓದಿರಬಹುದು, ಕೇಳಿರಬಹುದು. ಇದು ಸುಳ್ಳು. ವಾಟ್ಸ್‌ಆ್ಯಪ್ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಈ ಸುಳ್ಳನ್ನು ಕಣ್ಣಾರೆ ಕಂಡಂತೆ ಜನರಿಗೆ ತೋರಿಸಿದ್ದು ಆಸ್ಕರ್ ಪ್ರಶಸ್ತಿ ಪಡೆದ ಒಂದು ವನ್ಯಜೀವಿ ಚಿತ್ರ.

ಇನ್ನೊಂದು ಕಡೆ, 1979ರಲ್ಲಿ ಬಿಬಿಸಿ ಪ್ರಸಾರ ಮಾಡಿದ 'ಲೈಫ್ ಆನ್ ಅರ್ಥ್' ಎಂಬ ಸರಣಿ ಇದೆ. ಆಗಿನ ಚಿತ್ರಗಳು ಇಂದಿನ ಮೊಬೈಲ್ ಕ್ಯಾಮೆರಾದಷ್ಟೂ ಸ್ಪಷ್ಟವಾಗಿಲ್ಲ. ಆದರೂ ಜನ ಅದನ್ನು ಹುಡುಕಿ ನೋಡುತ್ತಾರೆ, ಮಕ್ಕಳಿಗೆ ತೋರಿಸುತ್ತಾರೆ.

ಎರಡೂ ಹಳೆಯವು, ಎರಡೂ ಒಂದು ಕಾಲದಲ್ಲಿ ಮೆಚ್ಚುಗೆ ಪಡೆದವು. ಹಾಗಾದರೆ ಒಂದನ್ನು ನಂಬಬಾರದು, ಇನ್ನೊಂದನ್ನು ನಂಬಬಹುದು ಎಂದು ಹೇಳುವುದು ಹೇಗೆ? ಹಳೆಯ ಸಾಕ್ಷ್ಯಚಿತ್ರಗಳ ಸೆಳೆತ ಕೇವಲ ಬಾಲ್ಯದ ನೆನಪಿನದೇ, ಅಥವಾ ಅವುಗಳಲ್ಲಿ ಬೇರೇನಾದರೂ ಇದೆಯೇ? ಈ ಲೇಖನದಲ್ಲಿ ಇದನ್ನೇ ನೋಡೋಣ.

ಚುಟುಕಾಗಿ ಉತ್ತರ

ಒಳ್ಳೆಯ ಹಳೆಯ ಸರಣಿಗಳು ಉಳಿದುಕೊಂಡಿರುವುದಕ್ಕೆ ಮೂರು ಕಾರಣಗಳನ್ನು ಹೇಳಬಹುದು: ಪ್ರಾಣಿಯ ನಿಜವಾದ ನಡವಳಿಕೆಗಾಗಿ ತಾಳ್ಮೆಯಿಂದ ಕಾದದ್ದು, ಬಿಡಿಬಿಡಿ ದೃಶ್ಯಗಳನ್ನು ಒಂದು ದೊಡ್ಡ ವಿಚಾರಕ್ಕೆ ಪೋಣಿಸಿದ್ದು, ಮತ್ತು ನೋಡುಗರ ನಂಬಿಕೆ ಗಳಿಸಿದ ಒಂದು ದನಿ. ಆದರೆ ಆ ನಂಬಿಕೆಯೇ ಅಪಾಯವೂ ಹೌದು. ಅದನ್ನು ದುರುಪಯೋಗ ಮಾಡಿಕೊಂಡಾಗ ಹುಟ್ಟಿದ ತಪ್ಪು ತಿಳಿವಳಿಕೆ ದಶಕಗಳಾದರೂ ಅಳಿಯುವುದಿಲ್ಲ. ಎಲ್ಲ ವನ್ಯಜೀವಿ ಚಿತ್ರಗಳಲ್ಲೂ ಒಂದಿಷ್ಟು 'ಕಟ್ಟಿದ' ಭಾಗ ಇದ್ದೇ ಇರುತ್ತದೆ. ಹಾಗೆ ಕಟ್ಟಿದ್ದು ನಿಜವನ್ನು ತೋರಿಸಲೋ, ಇಲ್ಲದ್ದನ್ನು ತೋರಿಸಲೋ ಎಂಬುದೇ ಕೇಳಬೇಕಾದ ಪ್ರಶ್ನೆ.

ಈ ಪ್ರಕಾರ ಬೆಳೆದದ್ದು ಹೇಗೆ?

ಟಿವಿಯಲ್ಲಿ ವನ್ಯಜೀವಿ ಕಾರ್ಯಕ್ರಮಗಳ ಕಥೆ 1950ರ ದಶಕದಲ್ಲಿ ಶುರುವಾಗುತ್ತದೆ. 1954ರಲ್ಲಿ ಬಿಬಿಸಿಯ 'ಝೂ ಕ್ವೆಸ್ಟ್' ಆರಂಭವಾಯಿತು. ಆಗ 28 ವರ್ಷದ ಡೇವಿಡ್ ಅಟೆನ್‌ಬರೋ ಅದರ ಮೂಲಕ ಜನರಿಗೆ ಪರಿಚಿತರಾದರು. ಹೆಸರೇ ಹೇಳುವಂತೆ ಆ ಕಾರ್ಯಕ್ರಮದ ಉದ್ದೇಶ ದೂರದ ಕಾಡುಗಳಿಂದ ಪ್ರಾಣಿಗಳನ್ನು ಹಿಡಿದು ಲಂಡನ್ ಮೃಗಾಲಯಕ್ಕೆ ತರುವುದಾಗಿತ್ತು. ಇಂದು ಯಾವ ವಾಹಿನಿಯೂ ಇಂಥದ್ದನ್ನು ಒಪ್ಪುವುದಿಲ್ಲ. ಅಂದು ಅದು ಸಹಜವಾಗಿತ್ತು.

1957ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಬಿಬಿಸಿಯ ನ್ಯಾಚುರಲ್ ಹಿಸ್ಟರಿ ಯೂನಿಟ್, ಅಂದರೆ ಪ್ರಕೃತಿ ಕಾರ್ಯಕ್ರಮಗಳಿಗೇ ಮೀಸಲಾದ ವಿಭಾಗ ಸ್ಥಾಪನೆಯಾಯಿತು. ಅಮೆರಿಕದಲ್ಲಿ 1963ರಿಂದ ಮಾರ್ಲಿನ್ ಪರ್ಕಿನ್ಸ್ ನಿರೂಪಣೆಯ 'ವೈಲ್ಡ್ ಕಿಂಗ್‌ಡಮ್' ಮನೆಮಾತಾಯಿತು. ಅದೇ ದಶಕದ ಕೊನೆಯಲ್ಲಿ ಫ್ರಾನ್ಸಿನ ಜಾಕ್ ಕೂಸ್ಟೋ ತಮ್ಮ 'ಕ್ಯಾಲಿಪ್ಸೋ' ಹಡಗಿನಿಂದ ಸಮುದ್ರದೊಳಗಿನ ಲೋಕವನ್ನು ಟಿವಿಗೆ ತಂದರು.

ಅಟೆನ್‌ಬರೋ ಈ ನಡುವೆ ಕ್ಯಾಮೆರಾ ಮುಂದಿನಿಂದ ಕಚೇರಿಗೆ ಹೋಗಿ, 1965ರಿಂದ ಬಿಬಿಸಿ 2 ವಾಹಿನಿಯ ಮುಖ್ಯಸ್ಥರಾಗಿದ್ದರು. ಆಗ ಅವರು ಒಂದು ದೊಡ್ಡ ವಿಷಯವನ್ನು 13 ಕಂತುಗಳಲ್ಲಿ ಹೇಳುವ ಮಾದರಿಗೆ ಒತ್ತು ಕೊಟ್ಟರು. ಪಾಶ್ಚಾತ್ಯ ಕಲೆಯ ಇತಿಹಾಸ ಹೇಳುವ 'ಸಿವಿಲೈಸೇಶನ್' (1969) ಹೀಗೆ ಬಂದದ್ದು. ಮುಂದೆ ಆಡಳಿತದ ಕೆಲಸ ಬಿಟ್ಟು ಮತ್ತೆ ಕಾಡಿನ ಕಡೆ ಮುಖ ಮಾಡಿದಾಗ ಅದೇ ಮಾದರಿಯಲ್ಲಿ ಜೀವವಿಕಾಸದ ಕಥೆ ಹೇಳಲು ಹೊರಟರು. ಅದೇ 'ಲೈಫ್ ಆನ್ ಅರ್ಥ್'. ತಯಾರಿಗೆ ಸುಮಾರು ಮೂರು ವರ್ಷ ಹಿಡಿಯಿತು. 1979ರ ಜನವರಿ 16ರಂದು ಮೊದಲ ಕಂತು ಪ್ರಸಾರವಾಯಿತು. ಜಗತ್ತಿನಾದ್ಯಂತ ಸುಮಾರು 50 ಕೋಟಿ ಜನ ಈ ಸರಣಿಯನ್ನು ನೋಡಿದ್ದಾರೆ ಎಂಬ ಅಂದಾಜಿದೆ.

ಗೊರಿಲ್ಲಾಗಳ ನಡುವೆ ಮರೆತುಹೋದ ಸಂಭಾಷಣೆ

ಈ ಸರಣಿಯ ಬಗ್ಗೆ ಮಾತು ಬಂದರೆ ಹೆಚ್ಚಿನವರು ನೆನಪಿಸಿಕೊಳ್ಳುವುದು 12ನೇ ಕಂತಿನ ಒಂದು ಚಿಕ್ಕ ಭಾಗವನ್ನು. 1978ರಲ್ಲಿ ಅಟೆನ್‌ಬರೋ ಮತ್ತು ತಂಡ ರುವಾಂಡಾದ ಬೆಟ್ಟಗಳಲ್ಲಿ ಡಯಾನ್ ಫಾಸ್ಸಿ ಅಧ್ಯಯನ ಮಾಡುತ್ತಿದ್ದ ಪರ್ವತ ಗೊರಿಲ್ಲಾಗಳ ಬಳಿ ಹೋದರು. ಯೋಜನೆ ಸರಳವಾಗಿತ್ತು. ಗೊರಿಲ್ಲಾಗಳು ಸ್ವಲ್ಪ ದೂರದಲ್ಲಿ ಎಲೆ ಕಿತ್ತು ತಿನ್ನುತ್ತಿರುವಾಗ, ನಮ್ಮಂತೆಯೇ ಅವುಗಳ ಹೆಬ್ಬೆರಳೂ ಉಳಿದ ಬೆರಳುಗಳಿಗೆ ಎದುರಾಗಿ ಬಾಗುತ್ತದೆ, ಅದರಿಂದ ವಸ್ತುಗಳನ್ನು ಹಿಡಿಯುವುದು ಸಾಧ್ಯವಾಗುತ್ತದೆ ಎಂದು ವಿವರಿಸಬೇಕಿತ್ತು.

ಅಟೆನ್‌ಬರೋ ಕೈಕಾಲೂರಿ ತೆವಳುತ್ತಾ ಹತ್ತಿರ ಹೋದಾಗ ಒಂದು ಹೆಣ್ಣು ಗೊರಿಲ್ಲಾ ಎದುರಿಗೇ ಕೂತಿತ್ತು. ಹೆಬ್ಬೆರಳಿನ ಪಾಠ ಅಲ್ಲಿಗೇ ನಿಂತಿತು. ಬರೆದಿಟ್ಟುಕೊಂಡದ್ದನ್ನು ಬದಿಗಿಟ್ಟು, ಅವರು ಪಿಸುದನಿಯಲ್ಲಿ ಆ ಕ್ಷಣಕ್ಕೆ ತೋಚಿದ್ದನ್ನು ಹೇಳಿದರು. ಗೊರಿಲ್ಲಾದ ನೋಟದಲ್ಲಿ ಕಾಣುವ ಅರಿವನ್ನೂ, ಇಷ್ಟು ಸಾಧು ಪ್ರಾಣಿಯನ್ನು ಹಿಂಸೆಯ ಸಂಕೇತವಾಗಿ ಮಾಡಿರುವ ಅನ್ಯಾಯವನ್ನೂ ಕುರಿತ ಮಾತುಗಳವು. ಮರುದಿನ ಮತ್ತೆ ಹೋದಾಗ ಮರಿಗಳು ಅವರ ಮೇಲೇರಿ ಆಡಿದವು.

ಈ ದೃಶ್ಯ ಇಷ್ಟು ಗಾಢವಾಗಿ ಉಳಿದಿರುವುದಕ್ಕೆ ಹಿನ್ನೆಲೆಯೂ ಕಾರಣ. ಸಿನಿಮಾಗಳಲ್ಲಿ ಗೊರಿಲ್ಲಾ ಎಂದರೆ 'ಕಿಂಗ್ ಕಾಂಗ್'ನಂಥ ಭಯಾನಕ ಮೃಗ ಎಂಬ ಚಿತ್ರ ಬೇರೂರಿತ್ತು. ಇಲ್ಲಿ ಅದಕ್ಕೆ ವಿರುದ್ಧವಾದದ್ದು ಕಣ್ಣೆದುರೇ ನಡೆಯುತ್ತಿತ್ತು. ಗೊರಿಲ್ಲಾಗಳು ಹೀಗೆ ನಿರಾತಂಕವಾಗಿದ್ದದ್ದು ಪವಾಡವೇನೂ ಅಲ್ಲ. 1967ರಿಂದ ಫಾಸ್ಸಿ ಮತ್ತು ಅವರ ಸಹಾಯಕರು ಪ್ರತಿದಿನ ಅವುಗಳ ಬಳಿ ಕೂತು, ಮನುಷ್ಯರನ್ನು ಕಂಡು ಹೆದರದಂತೆ ಅಭ್ಯಾಸ ಮಾಡಿಸಿದ್ದರು. ಅಂದರೆ ಟಿವಿಯ ಕೆಲವೇ ನಿಮಿಷಗಳ ಹಿಂದೆ ಹತ್ತು ವರ್ಷಗಳ ಸಂಶೋಧನೆ ಇತ್ತು.

ಹಾಗೆಯೇ ಆ ಕೆಲವು ನಿಮಿಷಗಳ ಹಿಂದೆ ಒಂದು ಸಾವೂ ಇತ್ತು. ಫಾಸ್ಸಿಯವರಿಗೆ ಬಹಳ ಅಚ್ಚುಮೆಚ್ಚಾಗಿದ್ದ 'ಡಿಜಿಟ್' ಎಂಬ ಗಂಡು ಗೊರಿಲ್ಲಾವನ್ನು 1977ರ ಡಿಸೆಂಬರ್ 31ರಂದು ಕಳ್ಳಬೇಟೆಗಾರರು ಕೊಂದಿದ್ದರು. ಚಿತ್ರತಂಡ ಅಲ್ಲಿಗೆ ಬಂದಾಗ ಆ ಸಾವಿನ ನೋವು ಇನ್ನೂ ಹಸಿಯಾಗಿತ್ತು.

ಹಿಡಿದಿಡುವ ಗುಣ ಎಲ್ಲಿದೆ?

ಮೊದಲನೆಯದು ತಾಳ್ಮೆ. ಆಗ ಚಿತ್ರೀಕರಣ ನಡೆಯುತ್ತಿದ್ದದ್ದು 16 ಮಿ.ಮೀ. ಫಿಲ್ಮ್ ರೀಲಿನಲ್ಲಿ. ವಾಡಿಕೆಯ 400 ಅಡಿಯ ಒಂದು ರೀಲಿನಲ್ಲಿ ಸುಮಾರು 11 ನಿಮಿಷ ಮಾತ್ರ ಚಿತ್ರೀಕರಿಸಬಹುದು. ಚಿತ್ರ ಹೇಗೆ ಬಂದಿದೆ ಎಂದು ಸ್ಥಳದಲ್ಲೇ ನೋಡುವಂತಿರಲಿಲ್ಲ, ರೀಲನ್ನು ಲ್ಯಾಬಿಗೆ ಕಳುಹಿಸಿ ಕಾಯಬೇಕಿತ್ತು. ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಗುಂಡಿ ಒತ್ತುವುದಕ್ಕೆ ಕೆಲವು ಕ್ಷಣ ಮೊದಲು ನಡೆದದ್ದನ್ನೂ ಉಳಿಸಿಕೊಳ್ಳುವ ಸೌಲಭ್ಯವಿದೆ. ಆಗ ಇದಾವುದೂ ಇರಲಿಲ್ಲ.

ದಕ್ಷಿಣ ಅಮೆರಿಕದ ಡಾರ್ವಿನ್ ಕಪ್ಪೆಯ ಉದಾಹರಣೆ ನೋಡಿ. ಈ ಜಾತಿಯಲ್ಲಿ ಗಂಡು ಕಪ್ಪೆ ಮರಿಗಳನ್ನು ತನ್ನ ಗಂಟಲಿನ ಧ್ವನಿಚೀಲದೊಳಗೆ ಇಟ್ಟುಕೊಂಡು ಬೆಳೆಸುತ್ತದೆ. ಬೆಳೆದ ಮರಿಗಳು ಕೊನೆಗೆ ಅಪ್ಪನ ಬಾಯಿಂದಲೇ ಹೊರಬರುತ್ತವೆ. ಆ ಒಂದು ಕ್ಷಣಕ್ಕಾಗಿ 'ಲೈಫ್ ಆನ್ ಅರ್ಥ್'ನ ಛಾಯಾಗ್ರಾಹಕರೊಬ್ಬರು ನೂರಾರು ಗಂಟೆ ಕಾದರು. ಪರದೆಯ ಮೇಲೆ ಅದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಆದರೆ ಹಾಗೆ ಸಿಕ್ಕ ದೃಶ್ಯ ಹಳೆಯದಾಗುವುದಿಲ್ಲ, ಏಕೆಂದರೆ ಕಪ್ಪೆಯ ನಡವಳಿಕೆ ಇಂದಿಗೂ ಅದೇ.

ಎರಡನೆಯದು ವಿಚಾರದ ಎಳೆ. ಸರಣಿಯು ಸರಳ ಜೀವಿಗಳಿಂದ ಶುರುವಾಗಿ ಕೀಟ, ಮೀನು, ಕಪ್ಪೆ, ಹಾವು, ಹಕ್ಕಿ, ಸಸ್ತನಿಗಳ ಮೂಲಕ ಮನುಷ್ಯನವರೆಗೆ ಬರುತ್ತದೆ. ಪ್ರತಿ ಪ್ರಾಣಿಯೂ ಒಂದು ಪ್ರಶ್ನೆಗೆ ಉತ್ತರವಾಗಿ ಬರುತ್ತದೆ: ನೀರಿನಿಂದ ನೆಲಕ್ಕೆ ಜೀವ ಬಂದದ್ದು ಹೇಗೆ? ರೆಕ್ಕೆ ಬಂದದ್ದು ಹೇಗೆ? 'ನೋಡಿ, ಎಷ್ಟು ವಿಚಿತ್ರ' ಎಂದು ಬೆರಗಾಗಿಸಿ ಮುಂದಿನ ದೃಶ್ಯಕ್ಕೆ ಜಿಗಿಯುವ ಚಿಕ್ಕ ವಿಡಿಯೋಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಬೆರಗು ಬೇಗ ಕರಗುತ್ತದೆ, ಕಾರಣ ಗೊತ್ತಾದರೆ ನೆನಪಿನಲ್ಲಿ ನಿಲ್ಲುತ್ತದೆ.

ಮೂರನೆಯದು ದನಿ ಮತ್ತು ವೇಗ. ನಿರೂಪಕ ಎಲ್ಲ ಹೊತ್ತೂ ಮಾತಾಡುವುದಿಲ್ಲ. ಪ್ರಾಣಿ ಏನು ಮಾಡುತ್ತಿದೆ ಎಂದು ನಾವೇ ನೋಡಲು ಸಮಯ ಸಿಗುತ್ತದೆ. ನಮ್ಮಲ್ಲಿ 1995ರಲ್ಲಿ ಡಿಸ್ಕವರಿ ವಾಹಿನಿ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಇಂಗ್ಲಿಷ್ ತಿಳಿಯದವರೂ ಕೂತು ಇಂಥ ಕಾರ್ಯಕ್ರಮ ನೋಡುತ್ತಿದ್ದರು. ಭಾಷೆ ಗೊತ್ತಿಲ್ಲದಿದ್ದರೂ ಕಥೆ ತಿಳಿಯುತ್ತಿತ್ತು ಎಂದರೆ ಚಿತ್ರಗಳೇ ಅದನ್ನು ಹೇಳುತ್ತಿದ್ದವು.

ಪ್ರಕೃತಿಯ ಚಿತ್ರ ನೋಡಿದರೆ ಮನಸ್ಸು ಹಗುರಾಗುತ್ತದೆಯೇ?

ಹೌದು ಎನ್ನಲು ಒಂದಿಷ್ಟು ಪುರಾವೆ ಇದೆ, ಆದರೆ ಹುಷಾರಾಗಿ ಓದಬೇಕು. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಜನರಿಗೆ ಮೊದಲು ಬೇಕೆಂದೇ ಬೇಸರ ಹುಟ್ಟಿಸಿದರು. ಕಚೇರಿ ಸಾಮಗ್ರಿಗಳ ಕಂಪನಿಯ ಕೆಲಸದ ಬಗ್ಗೆ ಒಬ್ಬರು ವಿವರಿಸುವ ವಿಡಿಯೋ ತೋರಿಸಿ! ನಂತರ ಕೆಲವರಿಗೆ ಟಿವಿಯಲ್ಲಿ, ಕೆಲವರಿಗೆ ವರ್ಚುವಲ್ ರಿಯಾಲಿಟಿ ಕನ್ನಡಕದಲ್ಲಿ ಹವಳದ ದಿಬ್ಬಗಳ ದೃಶ್ಯ ತೋರಿಸಿದರು. ಟಿವಿಯಲ್ಲಿ ನೋಡಿದವರಲ್ಲೂ ಬೇಸರ, ದುಗುಡ ಕಡಿಮೆಯಾಯಿತು.

2017ರಲ್ಲಿ ಬಿಬಿಸಿಯ ವಾಣಿಜ್ಯ ಅಂಗಸಂಸ್ಥೆ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡಾಕರ್ ಕೆಲ್ಟ್ನರ್ ಸೇರಿ ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ನಡೆಸಿದ ಅಧ್ಯಯನದಲ್ಲೂ 'ಪ್ಲಾನೆಟ್ ಅರ್ಥ್ 2' ತುಣುಕುಗಳನ್ನು ನೋಡಿದವರಲ್ಲಿ ಬೆರಗು, ಸಂತೋಷ ಹೆಚ್ಚಿದ್ದು ಕಂಡುಬಂತು. ಆದರೆ ಇದನ್ನು ನಡೆಸಿದ್ದರಲ್ಲಿ ಆ ಕಾರ್ಯಕ್ರಮವನ್ನು ಮಾರುವ ಸಂಸ್ಥೆಯ ಪಾಲಿತ್ತು ಎಂಬುದನ್ನು ಮರೆಯುವಂತಿಲ್ಲ.

ಎರಡೂ ಅಧ್ಯಯನಗಳು ಅಳೆದದ್ದು ಆ ಹೊತ್ತಿನ ಮನಃಸ್ಥಿತಿಯನ್ನು. ಖಿನ್ನತೆ, ಆತಂಕದಂಥ ಸಮಸ್ಯೆಗಳಿಗೆ ಸಾಕ್ಷ್ಯಚಿತ್ರವೇ ಚಿಕಿತ್ಸೆ ಎಂದು ಇವುಗಳಿಂದ ಹೇಳಲಾಗದು.

ಲೆಮ್ಮಿಂಗ್ ಸುಳ್ಳು ಹುಟ್ಟಿದ್ದು ಹೇಗೆ?

ಈಗ ಮೊದಲು ಹೇಳಿದ ಕಥೆಗೆ ಬರೋಣ. 1958ರಲ್ಲಿ ಡಿಸ್ನಿ ಸಂಸ್ಥೆಯ 'ವೈಟ್ ವೈಲ್ಡರ್‌ನೆಸ್' ಎಂಬ ಚಿತ್ರ ಬಿಡುಗಡೆಯಾಯಿತು. ಚಿತ್ರಮಂದಿರಕ್ಕೆಂದು ತಯಾರಾದ ಇದು ಅತ್ಯುತ್ತಮ ಸಾಕ್ಷ್ಯಚಿತ್ರವೆಂದು ಆಸ್ಕರ್ ಪಡೆಯಿತು. ಅದರ ಒಂದು ಭಾಗದಲ್ಲಿ ಲೆಮ್ಮಿಂಗ್‌ಗಳು ಹಿಂಡಾಗಿ ಓಡಿ, ಬಂಡೆಯ ಅಂಚಿನಿಂದ ನೀರಿಗೆ ಬೀಳುತ್ತವೆ. ಕೊನೆಗೆ ನೀರಿನ ಮೇಲೆ ತೇಲುವ ಪುಟ್ಟ ದೇಹಗಳು ಕಾಣುತ್ತವೆ.

ಕೆನಡಾದ ಸಾರ್ವಜನಿಕ ವಾಹಿನಿ ಸಿಬಿಸಿ 1980ರ ದಶಕದ ಆರಂಭದಲ್ಲಿ 'ಕ್ರೂಯಲ್ ಕ್ಯಾಮೆರಾ' ಎಂಬ ತನಿಖಾ ಕಾರ್ಯಕ್ರಮದಲ್ಲಿ ಇದರ ಹಿಂದಿನ ಸತ್ಯ ಬಯಲಿಗೆಳೆಯಿತು. ಚಿತ್ರೀಕರಣ ನಡೆದದ್ದು ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ. ಆ ಜಾಗ ಲೆಮ್ಮಿಂಗ್‌ಗಳ ನೆಲೆಯಲ್ಲ, ಪ್ರಾಂತ್ಯಕ್ಕೆ ಸಮುದ್ರತೀರವೂ ಇಲ್ಲ. ಲೆಮ್ಮಿಂಗ್‌ಗಳನ್ನು ಬೇರೆ ಕಡೆಯಿಂದ ಕೊಂಡು ತಂದಿದ್ದರು. ಹಿಮ ಹರಡಿದ ತಿರುಗುವ ಹಲಗೆಯ ಮೇಲೆ ಅವುಗಳನ್ನು ಬಿಟ್ಟು, ಬೇರೆ ಬೇರೆ ಕೋನದಿಂದ ಚಿತ್ರಿಸಿ, ದೊಡ್ಡ ಹಿಂಡು ವಲಸೆ ಹೋಗುತ್ತಿರುವಂತೆ ತೋರಿಸಿದರು. ನಂತರ ನದಿಯ ಪಕ್ಕದ ಕಡಿದಾದ ದಂಡೆಗೆ ಒಯ್ದು ನೀರಿಗೆ ಅಟ್ಟಿದರು. ಚಿತ್ರದ 'ಸಮುದ್ರ' ಒಂದು ನದಿ, 'ಆತ್ಮಹತ್ಯೆ' ಮನುಷ್ಯರು ಮಾಡಿಸಿದ ಸಾವು.

ಹಾಗಾದರೆ ಲೆಮ್ಮಿಂಗ್‌ಗಳ ನಿಜ ಕಥೆ ಏನು? ಉತ್ತರ ಧ್ರುವ ಪ್ರದೇಶದ ಈ ಪ್ರಾಣಿಗಳ ಸಂಖ್ಯೆ ಮೂರು–ಐದು ವರ್ಷಕ್ಕೊಮ್ಮೆ ಏಕಾಏಕಿ ಏರಿ, ಮತ್ತೆ ಕುಸಿಯುತ್ತದೆ. ಕೆಲವು ಕಡೆ ಸಂಖ್ಯೆ ಮಿತಿಮೀರಿದಾಗ ಆಹಾರ, ಜಾಗ ಹುಡುಕಿ ಗುಂಪಾಗಿ ಹೊರಡುತ್ತವೆ. ಅವು ಈಜಬಲ್ಲವು. ದಾರಿಯಲ್ಲಿ ನದಿ, ಕೆರೆ ದಾಟುವಾಗ ಕೆಲವು ಮುಳುಗಿ ಸಾಯುವುದೂ ಉಂಟು. ಇದನ್ನು ಕಂಡವರ ನಡುವೆ ಆತ್ಮಹತ್ಯೆಯ ಕಥೆ ಮೊದಲಿನಿಂದಲೂ ಇತ್ತು. ಆ ಚಿತ್ರ ಅದಕ್ಕೆ 'ಸಾಕ್ಷಿ' ಒದಗಿಸಿತು.

ಸಂಖ್ಯೆ ಏಕಾಏಕಿ ಕುಸಿಯುವುದಕ್ಕೆ ಕಾರಣವೇನು? ಗ್ರೀನ್‌ಲ್ಯಾಂಡಿನಲ್ಲಿ ಒಲಿವಿಯೆ ಜಿಲ್ಗ್ ಮತ್ತು ಸಂಗಡಿಗರು ನಡೆಸಿ, 2003ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಅಲ್ಲಿನ ಏರಿಳಿತವನ್ನು ಬೇಟೆಯಾಡುವ ಪ್ರಾಣಿಗಳಿಂದಲೇ ವಿವರಿಸಬಹುದು ಎಂದು ತೋರಿಸಿತು. ಹಿಮಗೂಬೆ, ಧ್ರುವ ನರಿ, ಸ್ಕುವಾ ಎಂಬ ಕಡಲಹಕ್ಕಿ ಮತ್ತು ಮುಂಗುಸಿಯಂತೆ ಉದ್ದ ಮೈಯ ಸ್ಟೋಟ್ ಎಂಬ ಪ್ರಾಣಿ, ಈ ನಾಲ್ಕು ಸೇರಿ ಲೆಮ್ಮಿಂಗ್ ಸಂಖ್ಯೆಯನ್ನು ಇಳಿಸುತ್ತವೆ. ಆತ್ಮಹತ್ಯೆಯ ಕಥೆಗಿಂತ ಇದು ಎಷ್ಟೋ ಸ್ವಾರಸ್ಯಕರ. ಆದರೆ ಇದನ್ನು ಎರಡು ನಿಮಿಷದ ದೃಶ್ಯದಲ್ಲಿ ತೋರಿಸುವುದು ಕಷ್ಟ.

ಹಾಗಾದರೆ ಎಲ್ಲವೂ ನಾಟಕವೇ?

ಇಂಥ ಸುದ್ದಿ ಕೇಳಿದಾಗ 'ಎಲ್ಲ ವನ್ಯಜೀವಿ ಚಿತ್ರಗಳೂ ಸುಳ್ಳು' ಎನ್ನುವವರಿದ್ದಾರೆ. ಅದೂ ತಪ್ಪು ತೀರ್ಮಾನವೇ. ಇದಕ್ಕೆ 'ಲೈಫ್ ಆನ್ ಅರ್ಥ್'ನಿಂದಲೇ ಒಂದು ಉದಾಹರಣೆ ಕೊಡುತ್ತೇವೆ.

ನೆಲದಡಿ ಸುರಂಗ ತೋಡಿ ಬದುಕುವ ಮೋಲ್ ರ್ಯಾಟ್ ಎಂಬ ಪ್ರಾಣಿಯನ್ನು ಅದರ ಬಿಲದಲ್ಲೇ ಚಿತ್ರಿಸುವುದು ಅಸಾಧ್ಯ. ಹಾಗಾಗಿ ತಂಡದವರು ಅಡ್ಡಲಾಗಿ ಮಲಗಿಸಿದ ಒಂದು ಚಕ್ರದೊಳಗೆ ಸುರಂಗದ ಮಾದರಿ ಕಟ್ಟಿದರು. ಪ್ರಾಣಿ ಓಡಿದಂತೆ ಚಕ್ರವನ್ನು ತಿರುಗಿಸಿದರೆ ಅದು ಸದಾ ಕ್ಯಾಮೆರಾ ಎದುರಿಗೇ ಇರುತ್ತಿತ್ತು. ಬಾವಲಿಯ ರೆಕ್ಕೆ ಬಡಿತ ತೋರಿಸಲು ಅದನ್ನು ಗಾಳಿಸುರಂಗದೊಳಗೆ ಹಾರಿಸಿ ನಿಧಾನಗತಿಯಲ್ಲಿ ಚಿತ್ರಿಸಿದರು.

ಗಮನಿಸಿ: ಲೆಮ್ಮಿಂಗ್ ಚಿತ್ರದಲ್ಲೂ ತಿರುಗುವ ಸಾಧನ, ಮೋಲ್ ರ್ಯಾಟ್ ಚಿತ್ರದಲ್ಲೂ ತಿರುಗುವ ಸಾಧನ. ಎರಡೂ 'ಸೆಟ್' ಹಾಕಿ ತೆಗೆದವೇ. ಆದರೆ ಒಂದರಲ್ಲಿ ಪ್ರಾಣಿ ಎಂದೂ ಮಾಡದ ಕೆಲಸವನ್ನು ಅದರ ಸ್ವಭಾವವೆಂದು ತೋರಿಸಿದರು. ಇನ್ನೊಂದರಲ್ಲಿ ಪ್ರಾಣಿ ದಿನವೂ ಮಾಡುವ, ಆದರೆ ನಮ್ಮ ಕಣ್ಣಿಗೆ ಬೀಳದ ಕೆಲಸವನ್ನು ಕಾಣುವಂತೆ ಮಾಡಿದರು. ಹಾಗಾಗಿ ಸೆಟ್ ಇತ್ತೇ ಇಲ್ಲವೇ ಎಂಬುದಕ್ಕಿಂತ, ಕೊನೆಗೆ ನಮಗೆ ತಲುಪಿದ ಮಾಹಿತಿ ಸರಿಯೇ ಎಂದು ಕೇಳಬೇಕು. ಅದಕ್ಕಾಗಿ ಪ್ರಾಣಿಗೆ ಹಿಂಸೆ ಆಯಿತೇ ಎಂಬುದೂ ಅಷ್ಟೇ ಮುಖ್ಯ. ಕೂಸ್ಟೋ ಅವರ 1956ರ 'ದಿ ಸೈಲೆಂಟ್ ವರ್ಲ್ಡ್' ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರ. ಅದರಲ್ಲಿ ಹವಳದ ದಿಬ್ಬದ ಮೀನುಗಳನ್ನು ಎಣಿಸಲು ಡೈನಮೈಟ್ ಸಿಡಿಸುವುದು, ಸಿಬ್ಬಂದಿ ಶಾರ್ಕ್‌ಗಳನ್ನು ಕೊಲ್ಲುವುದು ಎಲ್ಲವೂ ಇದೆ. ಅಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ, ಆದರೂ ಇಂದು ನೋಡುವಾಗ ಮೈ ಜುಮ್ಮೆನ್ನುತ್ತದೆ. ಮುಂದೆ ಅದೇ ಕೂಸ್ಟೋ ಸಮುದ್ರ ಸಂರಕ್ಷಣೆಯ ದೊಡ್ಡ ದನಿಯಾದರು.

ಇಂದಿಗೂ ಬಳಕೆಯಲ್ಲಿರುವ ಕೆಲವು ವಿಧಾನಗಳನ್ನು ತಿಳಿದಿರುವುದು ಒಳ್ಳೆಯದು.

ಶಬ್ದ: ಕ್ಯಾಮೆರಾ ನೂರಾರು ಮೀಟರ್ ದೂರದಲ್ಲಿದ್ದು ಉದ್ದ ಲೆನ್ಸಿನಲ್ಲಿ ಚಿತ್ರಿಸುತ್ತಿದ್ದರೆ ಹೆಜ್ಜೆ ಸಪ್ಪಳ, ಎಲೆ ಜಗಿಯುವ ಸದ್ದು ಮೈಕಿಗೆ ಸಿಗುವುದಿಲ್ಲ. ಅಂಥ ಶಬ್ದಗಳನ್ನು ನಂತರ ಸ್ಟುಡಿಯೋದಲ್ಲಿ ಸೃಷ್ಟಿಸಿ ಸೇರಿಸುತ್ತಾರೆ. ಹಿಮದ ಮೇಲಿನ ಹೆಜ್ಜೆ ಸದ್ದಿಗೆ ಮೆಕ್ಕೆಜೋಳದ ಪಿಷ್ಟ ತುಂಬಿದ ಚೀಲ ಹಿಸುಕುವುದೂ ಇದೆ.

ಜೋಡಣೆ: 'ಪ್ಲಾನೆಟ್ ಅರ್ಥ್ 2' (2016) ಸರಣಿಯಲ್ಲಿ ಇಗುವಾನಾ ಮರಿಯೊಂದು ಹಾವುಗಳಿಂದ ತಪ್ಪಿಸಿಕೊಳ್ಳುವ ದೃಶ್ಯ ಬಹಳ ಜನಪ್ರಿಯವಾಯಿತು. ಅದನ್ನು ಬೇರೆ ಬೇರೆ ಚಿತ್ರಿಕೆಗಳನ್ನು ಜೋಡಿಸಿ ಕಟ್ಟಲಾಗಿತ್ತು ಎಂದು ನಂತರ ತಯಾರಕರೇ ಹೇಳಿದರು. ಹಾವುಗಳು ಮರಿಗಳನ್ನು ಅಟ್ಟುವುದು ನಿಜ, ಕಥೆಯ ಓಟ ಸಂಕಲನಕಾರರದು.

ಮೃಗಾಲಯದ ದೃಶ್ಯ: 2011ರ 'ಫ್ರೋಜನ್ ಪ್ಲಾನೆಟ್'ನಲ್ಲಿ ಹಿಮಕರಡಿ ಮರಿಗಳು ಹುಟ್ಟುವ ದೃಶ್ಯವನ್ನು ನೆದರ್ಲೆಂಡ್ಸ್‌ನ ಮೃಗಾಲಯದಲ್ಲಿ ಚಿತ್ರೀಕರಿಸಲಾಗಿತ್ತು. ಕಾಡಿನ ಗುಹೆಯೊಳಗೆ ಕ್ಯಾಮೆರಾ ಇಟ್ಟರೆ ತಾಯಿಗೂ ಮರಿಗಳಿಗೂ ಅಪಾಯ ಎಂಬುದು ತಯಾರಕರ ವಿವರಣೆ. ಜಾಲತಾಣದಲ್ಲಿ ಇದನ್ನು ಹೇಳಿದ್ದರೂ ಕಾರ್ಯಕ್ರಮದೊಳಗೆ ಹೇಳಿರಲಿಲ್ಲ. ಬ್ರಿಟನ್ನಿನಲ್ಲಿ ಇದು ದೊಡ್ಡ ವಿವಾದವಾಯಿತು.

ಸಮಯ: ಸಿಂಹ ದಿನಕ್ಕೆ 16ರಿಂದ 20 ಗಂಟೆ ವಿಶ್ರಾಂತಿಯಲ್ಲೇ ಇರುತ್ತದೆ. ಆದರೆ ಟಿವಿಯ ಸಿಂಹ ಸದಾ ಬೇಟೆಯಲ್ಲಿರುತ್ತದೆ. ಇಲ್ಲಿ ಯಾವ ದೃಶ್ಯವೂ ಸುಳ್ಳಲ್ಲ, ಆದರೂ ಒಟ್ಟಾರೆ ಮೂಡುವ ಚಿತ್ರ ತಪ್ಪು. ಹಾಗೆಯೇ ಕಾಡಿನ ಅಂಚಿನ ಊರು, ರಸ್ತೆ, ಪ್ರವಾಸಿಗರ ಜೀಪುಗಳು ಚೌಕಟ್ಟಿನ ಹೊರಗೇ ಉಳಿಯುತ್ತವೆ. ಮನುಷ್ಯರೇ ಇಲ್ಲದ ಕಾಡು ಎಂಬ ಕಲ್ಪನೆ ಹುಟ್ಟುವುದು ಹೀಗೆ.

ನೋಡಿದರೆ ಕಾಡು ಉಳಿಯುತ್ತದೆಯೇ?

'ಬ್ಲೂ ಪ್ಲಾನೆಟ್ 2' (2017) ಬಂದ ಮೇಲೆ ಜನ ಪ್ಲಾಸ್ಟಿಕ್ ಬಳಕೆ ಕಡಿಮೆ ಮಾಡಿದರು ಎಂಬ ಮಾತು ಬಹಳ ಪ್ರಚಾರ ಪಡೆಯಿತು. ಇದನ್ನು ಪರೀಕ್ಷಿಸಿದ ಸಂಶೋಧಕರ ತಂಡವೊಂದು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ ಕಾರ್ಯಕ್ರಮ ನೋಡಿದವರ ಪರಿಸರ ಜ್ಞಾನ ಹೆಚ್ಚಿದ್ದು ಕಂಡಿತು. ಆದರೆ ಪ್ಲಾಸ್ಟಿಕ್ ವಸ್ತುವನ್ನು ಆರಿಸುವುದೋ ಬಿಡುವುದೋ ಎಂಬ ನಡವಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ತಿಳಿದುಕೊಳ್ಳುವುದಕ್ಕೂ ಬದಲಾಗುವುದಕ್ಕೂ ನಡುವೆ ಅಂತರವಿದೆ.

ಗೊರಿಲ್ಲಾಗಳ ಕಥೆ ಸ್ವಲ್ಪ ಬೇರೆ. ರುವಾಂಡಾದಿಂದ ಮರಳಿದ ಅಟೆನ್‌ಬರೋ ಬ್ರಿಟನ್ನಿನ ಸಂರಕ್ಷಣಾ ಸಂಘಟನೆಯವರನ್ನು ಭೇಟಿಯಾಗಿ ಅಲ್ಲಿನ ಸ್ಥಿತಿ ವಿವರಿಸಿದರು. ಡಿಜಿಟ್ ಸಾವಿನಿಂದ ಕಲಕಿದ್ದ ಜನರಿಂದ ಹಣ ಸಂಗ್ರಹವಾಯಿತು, ಪರ್ವತ ಗೊರಿಲ್ಲಾ ರಕ್ಷಣೆಯ ಯೋಜನೆ ರೂಪುಗೊಂಡಿತು. 1980ರ ದಶಕದ ಆರಂಭದಲ್ಲಿ ವಿರುಂಗಾ ಬೆಟ್ಟಸಾಲಿನಲ್ಲಿ ಸುಮಾರು 250 ಗೊರಿಲ್ಲಾಗಳಷ್ಟೇ ಉಳಿದಿದ್ದವು. 2015–16ರ ಗಣತಿಯಲ್ಲಿ ಅದೇ ಬೆಟ್ಟಸಾಲಿನಲ್ಲಿ 604 ಕಂಡವು. ಉಗಾಂಡಾದ ಬ್ವಿಂಡಿ ಕಾಡಿನವನ್ನೂ ಸೇರಿಸಿದರೆ ಈಗ ಒಟ್ಟು ಸಂಖ್ಯೆ ಸಾವಿರ ದಾಟಿದೆ. 2018ರಲ್ಲಿ ಐಯುಸಿಎನ್ ಪಟ್ಟಿಯಲ್ಲಿ ಪರ್ವತ ಗೊರಿಲ್ಲಾ 'ತೀವ್ರ ಅಪಾಯ'ದಿಂದ ಒಂದು ಮೆಟ್ಟಿಲು ಕೆಳಗಿನ 'ಅಪಾಯ'ದ ವರ್ಗಕ್ಕೆ ಬಂತು.

ಇದಕ್ಕೆ ಒಂದು ಟಿವಿ ದೃಶ್ಯವೇ ಕಾರಣ ಎಂದರೆ ತಪ್ಪಾಗುತ್ತದೆ. ದಿನವೂ ಕಾಡು ಸುತ್ತುವ ಕಾವಲುಗಾರರು, ಗಾಯಗೊಂಡ ಗೊರಿಲ್ಲಾಗಳಿಗೆ ಕಾಡಿನಲ್ಲೇ ಚಿಕಿತ್ಸೆ ಕೊಡುವ ಪಶುವೈದ್ಯರು, ಪ್ರವಾಸೋದ್ಯಮದ ಆದಾಯದಲ್ಲಿ ಸ್ಥಳೀಯರಿಗೆ ಪಾಲು, ಇವೆಲ್ಲ ಸೇರಿ ಆದ ಕೆಲಸ ಇದು. ಆ ದೃಶ್ಯ ಮಾಡಿದ್ದು ಜಗತ್ತಿನ ಜನರಿಗೆ ಅವುಗಳ ಬಗ್ಗೆ ಕಾಳಜಿ ಹುಟ್ಟುವಂತೆ ಮಾಡಿದ್ದು. ಆ ಕಾಳಜಿಯನ್ನು ಕೆಲಸವಾಗಿ ಬದಲಿಸುವವರು ಅಲ್ಲಿ ಇದ್ದರು.

ಕನ್ನಡ ನೆಲದಲ್ಲಿ

ಗೊರಿಲ್ಲಾದಂತೆಯೇ ಕೆಟ್ಟ ಹೆಸರು ಹೊತ್ತ ಪ್ರಾಣಿ ನಮ್ಮ ಕಾಡಿನಲ್ಲೂ ಇದೆ. ಅದು ಸೀಳುನಾಯಿ, ಕೆಲವು ಕಡೆ ಕೆನ್ನಾಯಿ ಎನ್ನುತ್ತಾರೆ. ಬೇಟೆಯನ್ನು ಜೀವಂತವಾಗಿರುವಾಗಲೇ ತಿನ್ನಲು ತೊಡಗುತ್ತದೆಂಬ ಕಾರಣಕ್ಕೆ ಬ್ರಿಟಿಷರ ಕಾಲದಲ್ಲಿ ಇದನ್ನು ಪೀಡಕ ಪ್ರಾಣಿ ಎಂದು ಕರೆದು, ಕೊಂದವರಿಗೆ ಇನಾಮು ಕೊಡುತ್ತಿದ್ದರು. ಕಾನೂನಿನ ರಕ್ಷಣೆ ಸಿಕ್ಕಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ.

ಮೈಸೂರಿನ ಕೃಪಾಕರ–ಸೇನಾನಿ ಜೋಡಿ ವರ್ಷಗಟ್ಟಲೆ ಸೀಳುನಾಯಿಗಳ ಹಿಂದೆ ಅಲೆದು, ಮರಿಗಳನ್ನು ಗುಂಪೆಲ್ಲ ಸೇರಿ ಸಾಕುವ, ಒಂದಕ್ಕೊಂದು ಆಸರೆಯಾಗುವ ಅವುಗಳ ಕುಟುಂಬ ಜೀವನವನ್ನು ಚಿತ್ರಿಸಿದರು. 'ದಿ ಪ್ಯಾಕ್' ಚಿತ್ರಕ್ಕೆ 2010ರಲ್ಲಿ, 'ಗ್ರೀನ್ ಆಸ್ಕರ್' ಎಂದೇ ಹೆಸರಾದ ವೈಲ್ಡ್‌ಸ್ಕ್ರೀನ್ ಪಾಂಡಾ ಪ್ರಶಸ್ತಿ ಬಂತು.

ಇನ್ನು 2020ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ತೆರೆಕಂಡ 'ವೈಲ್ಡ್ ಕರ್ನಾಟಕ'. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಿರ್ದೇಶಿಸಿದ ಈ ಚಿತ್ರಕ್ಕೆ ಇಂಗ್ಲಿಷಿನಲ್ಲಿ ಅಟೆನ್‌ಬರೋ ಅವರದೇ ದನಿ. ಆ ನಿರೂಪಣೆಗೆ ಅವರಿಗೆ ಭಾರತದ ರಾಷ್ಟ್ರ ಪ್ರಶಸ್ತಿಯೂ ಬಂತು. ಟಿವಿಗೆ ಬಂದಾಗ ಕನ್ನಡದಲ್ಲಿ ರಿಷಬ್ ಶೆಟ್ಟಿ ನಿರೂಪಿಸಿದರು. ಗೊರಿಲ್ಲಾಗಳ ನಡುವೆ ಪಿಸುಗುಟ್ಟಿದ ದನಿಯೇ ನಾಲ್ಕು ದಶಕಗಳ ನಂತರ ನಮ್ಮ ಕಾಡುಗಳ ಕಥೆಯನ್ನೂ ಹೇಳಿತು.

ನೋಡುವಾಗ ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು

1. ಇದು ಪ್ರಾಣಿಯ ಸಹಜ ನೆಲೆಯೇ? ಆ ಪ್ರಾಣಿ ಆ ದೇಶದಲ್ಲಿ, ಆ ಹವೆಯಲ್ಲಿ ಬದುಕುತ್ತದೆಯೇ?

2. ಪ್ರಾಣಿ ಮಾಡಿದ್ದನ್ನು ನಾನು ಕಂಡೆನೇ, ಅಥವಾ ಸಂಗೀತ ಮತ್ತು ನಿರೂಪಣೆ ಹೇಳಿದ್ದನ್ನು ನಂಬಿದೆನೇ? ಒಮ್ಮೆ ಧ್ವನಿ ಬಂದ್ ಮಾಡಿ ಅದೇ ದೃಶ್ಯ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

3. ದಾಳಿ ಮಾಡುವ ಪ್ರಾಣಿ ಮತ್ತು ತಪ್ಪಿಸಿಕೊಳ್ಳುವ ಪ್ರಾಣಿ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆಯೇ? ಇಲ್ಲದಿದ್ದರೆ ಅದು ಜೋಡಿಸಿದ ದೃಶ್ಯವಾಗಿರಬಹುದು. ಜೋಡಿಸಿದ್ದೆಲ್ಲ ಸುಳ್ಳಲ್ಲ, ಆದರೆ ಆ ಒಂದು ಪ್ರಾಣಿಯ ಕಥೆಯನ್ನು ಅಕ್ಷರಶಃ ನಂಬಬೇಕಿಲ್ಲ.

4. ಹೇಗೆ ಚಿತ್ರೀಕರಿಸಿದರು ಎಂದು ತಯಾರಕರು ಹೇಳಿದ್ದಾರೆಯೇ? ಈಗ ಹಲವು ಸರಣಿಗಳು ಕಂತಿನ ಕೊನೆಗೆ ತೆರೆಮರೆಯ ಭಾಗ ತೋರಿಸುತ್ತವೆ. ಅದನ್ನು ತಪ್ಪದೆ ನೋಡಿ.

ಕೊನೆಯದಾಗಿ

ಲೆಮ್ಮಿಂಗ್ ದೃಶ್ಯವನ್ನು ತೆಗೆದವರು ಕಥೆಯನ್ನು ಮೊದಲೇ ನಿರ್ಧರಿಸಿ, ಅದಕ್ಕೆ ಹೊಂದುವಂತೆ ಪ್ರಾಣಿಗಳನ್ನು ಓಡಿಸಿದರು. ಗೊರಿಲ್ಲಾ ದೃಶ್ಯದಲ್ಲಿ ನಿರೂಪಕರು ತಾವು ಹೇಳಬೇಕೆಂದಿದ್ದ ಹೆಬ್ಬೆರಳಿನ ಪಾಠವನ್ನೇ ಕೈಬಿಟ್ಟು, ಎದುರಿಗೆ ನಡೆಯುತ್ತಿರುವುದನ್ನು ನೋಡಿದರು. ಮೊದಲನೆಯದು ಇಂದು ತಪ್ಪು ತಿಳಿವಳಿಕೆಗೆ ಉದಾಹರಣೆಯಾಗಿದೆ, ಎರಡನೆಯದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ.

ಮನೆಯಲ್ಲಿ ಮಕ್ಕಳಿದ್ದರೆ ಅವರ ಜೊತೆ ಕೂತು 'ಲೈಫ್ ಆನ್ ಅರ್ಥ್'ನ 12ನೇ ಕಂತು ನೋಡಿ. ನೋಡಿ ಮುಗಿದ ಮೇಲೆ, ಆ ಗೊರಿಲ್ಲಾಗಳು ಮನುಷ್ಯರನ್ನು ಕಂಡು ಏಕೆ ಓಡಿಹೋಗಲಿಲ್ಲ ಎಂದು ಕೇಳಿ. ಉತ್ತರ ಹುಡುಕುತ್ತಾ ಹೋದರೆ, ಹತ್ತು ವರ್ಷ ಆ ಬೆಟ್ಟದಲ್ಲಿ ಅವುಗಳ ಬಳಿ ಸುಮ್ಮನೆ ಕೂತವರ ಕಥೆಯೂ ಅವರಿಗೆ ಸಿಗುತ್ತದೆ.